ಕೋಲಾರದ ಒಂದು ಸ್ಥಳೀಯ ದಿನಪತ್ರಿಕೆ: ಚಂದಾದಾರನ ವಿಮರ್ಶೆ

ಕೋಲಾರದಿಂದಲೇ ಹೊರಡುವ ನಾಲ್ಕು ಪುಟಗಳ ಕನ್ನಡ ದಿನಪತ್ರಿಕೆಯೊಂದನ್ನು ನಮ್ಮ ಮನೆಗೆ ತರಿಸುತ್ತೇವೆ. ಜಿಲ್ಲೆಯ ಸುದ್ದಿಯ ಮಟ್ಟಿಗೆ ರಾಜ್ಯಮಟ್ಟದ ಪತ್ರಿಕೆಗಳು ಇದಕ್ಕೆ ಸಾಟಿಯಲ್ಲ. ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಹಿಂದಿನ ದಿನ ಎಷ್ಟಕ್ಕೆ ಹರಾಜಾಯಿತು ಎಂಬುದನ್ನು ಗರಿಷ್ಠ, ಕನಿಷ್ಠ ಎರಡೂ ದರಗಳೊಂದಿಗೆ ಕೊಡುತ್ತದೆ. ಬೆಂಗಳೂರಿನ ತ್ಯಾಜ್ಯ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು; ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬ ರೈತರ ಬೇಡಿಕೆಯನ್ನು ಈ ಪತ್ರಿಕೆ ಇಂದಿಗೂ ಕೈಬಿಟ್ಟಿಲ್ಲ. ಇದಕ್ಕಾಗಿ ಅದರ ವರದಿಗಾರರಿಗೆ ನಾನು ಋಣಿ.

ನನ್ನ ಆಕ್ಷೇಪ ಜಾಹೀರಾತಿನ ವಿಷಯದಲ್ಲಿದೆ. ರಾಜಕಾರಣಿಯೊಬ್ಬರ ಹುಟ್ಟುಹಬ್ಬದ ಶುಭಾಶಯ ಮುಖಪುಟವನ್ನೆಲ್ಲ ತುಂಬಿದ ವಾರದಲ್ಲಿ, ಅವರ ವಾರ್ಡಿನ ಕುಡಿಯುವ ನೀರಿನ ಬಗ್ಗೆ ಬರುತ್ತಿದ್ದ ಸರಣಿ ವರದಿ ನಿಂತುಹೋಯಿತು. ಎರಡಕ್ಕೂ ಸಂಬಂಧವಿದೆ ಎಂದು ನಾನು ಸಾಧಿಸಲಾರೆ, ಆದರೆ ಓದುಗನಿಗೆ ಆ ಅನುಮಾನ ಬಾರದಂತೆ ನೋಡಿಕೊಳ್ಳುವ ಹೊಣೆ ಸಂಪಾದಕರದು. ಒಳಪುಟಗಳಲ್ಲಿ ವರದಿಗಾರರ ಹೆಸರಿಲ್ಲದೆ, ಹೊಗಳಿಕೆಯೇ ತುಂಬಿರುವ ಬರಹಗಳ ಮೇಲೆ ‘ಜಾಹೀರಾತು’ ಎಂಬ ಸೂಚನೆಯೂ ಇರುವುದಿಲ್ಲ. ಕಾಸಿಗಾಗಿ ಸುದ್ದಿ ಎನ್ನುವ ಪಿಡುಗು ಒಳನುಗ್ಗುವುದು ಇದೇ ದಾರಿಯಲ್ಲಿ.

ಮೈಸೂರು ಸಂಸ್ಥಾನದ 1908ರ ಪತ್ರಿಕಾ ಕಾನೂನಿನಡಿ ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಇಂದು ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ. ಪುಟಗಳ ಸಂಖ್ಯೆಗೆ ತಕ್ಕಂತೆ ಪತ್ರಿಕೆಯ ಬೆಲೆಯನ್ನು ಸರ್ಕಾರ ಗೊತ್ತುಪಡಿಸುವ ಕಾನೂನನ್ನೇ ಸುಪ್ರೀಂ ಕೋರ್ಟ್ ಮರಾಠಿ ದಿನಪತ್ರಿಕೆ ‘ಸಕಾಳ್’ನ ಪ್ರಕರಣದಲ್ಲಿ, 1961ರಲ್ಲಿ, ರದ್ದುಪಡಿಸಿತು. ಆದರೆ ಸರ್ಕಾರಿ ಜಾಹೀರಾತನ್ನೂ ಮುಖಂಡರ ಶುಭಾಶಯವನ್ನೂ ನೆಚ್ಚಿ ಕಾಗದ, ಮುದ್ರಣ, ಸಂಬಳದ ಖರ್ಚು ಸರಿದೂಗಿಸಬೇಕಾದ ಸಣ್ಣ ಪತ್ರಿಕೆಯನ್ನು ಸುಮ್ಮನಾಗಿಸಲು ಯಾವ ಕಾನೂನೂ ಬೇಕಿಲ್ಲ. ಮುಂದಿನ ಜಾಹೀರಾತನ್ನು ತಡೆಹಿಡಿದರೆ ಸಾಕು. ಈ ಹೊರೆಯಲ್ಲಿ ನಮ್ಮ ಪಾಲೂ ಇದೆ: ಒಂದು ಲೋಟ ಚಹಾದ ಬೆಲೆಯನ್ನೂ ಪತ್ರಿಕೆಗೆ ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ.

ಜಿಲ್ಲೆಯಲ್ಲಿ ನೆಲೆಸಿರುವವರು ಈ ಪತ್ರಿಕೆಯನ್ನು ತರಿಸಿಕೊಳ್ಳಬೇಕೆಂದೇ ನನ್ನ ಶಿಫಾರಸು. ಹಣ ಪಡೆದು ಹಾಕಿದ ಪ್ರತಿ ಬರಹಕ್ಕೂ ‘ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ನಮೂದಿಸಲಿ, ಮಾಲೀಕತ್ವದ ವಿವರವನ್ನು ವರ್ಷಕ್ಕೊಮ್ಮೆ ಓದುಗರ ಕಣ್ಣಿಗೆ ಬೀಳುವ ಜಾಗದಲ್ಲಿ ಅಚ್ಚುಹಾಕಲಿ, ನಿಂತ ಆ ನೀರಿನ ಸರಣಿಯನ್ನು ಪೂರ್ಣಗೊಳಿಸಲಿ. ಇಷ್ಟಾದರೆ ಚಂದಾ ದುಪ್ಪಟ್ಟಾದರೂ ನಾನು ಸಂತೋಷದಿಂದ ಕಟ್ಟುತ್ತೇನೆ.