ಬ್ಯಾಂಕಾಕಿನ ಫುಡ್ ಟೂರೋ, ಚಿಯಾಂಗ್ ಮಾಯ್‌ನ ಅಡುಗೆ ಕ್ಲಾಸೋ?

ನಮ್ಮ ಗಂಗಾವತಿಯಿಂದ ಥಾಯ್ಲೆಂಡಿಗೆ ಹೋಗುವವರು ಈಗ ಕಡಿಮೆ ಏನಿಲ್ಲ. ಗೊಬ್ಬರ, ಬೀಜದ ಅಂಗಡಿಯವರಿಗೆ ಕಂಪನಿಯವರೇ ಟೂರ್ ಮಾಡಿಸುತ್ತಾರೆ. ಬಸ್ಸಲ್ಲಿ ಕೂರಿಸಿ, ದಾಲ್, ಪನೀರ್, ಜೀರಾ ರೈಸ್ ತಿನ್ನಿಸಿ ವಾಪಸ್ ಕಳಿಸುತ್ತಾರೆ. ಅಲ್ಲಿನ ಊಟದ ರುಚಿ ನೋಡಲೇಬೇಕು ಅನ್ನುವವರಿಗೆ ಎರಡು ದಾರಿ ಇವೆ. ಗೈಡ್ ಜೊತೆ ಗಾಡಿಯಿಂದ ಗಾಡಿಗೆ ನಡೆಯುತ್ತ ತಿನ್ನುವ ಫುಡ್ ಟೂರ್, ಇಲ್ಲವಾದರೆ ನಾವೇ ಸೌಟು ಹಿಡಿಯುವ ಅಡುಗೆ ಕ್ಲಾಸ್. ನಾನು, ಅಕ್ಕ, ಭಾವ ಎರಡನ್ನೂ ಮಾಡಿ ನೋಡಿದೆವು. ಅಕ್ಕ ಅಪ್ಪಟ ಸಸ್ಯಾಹಾರಿ. ಭಾವ ಊರಲ್ಲಿದ್ದಾಗ ಮಾತ್ರ ಸಸ್ಯಾಹಾರಿ. ನನಗೆ ಕೋಳಿ, ಮೊಟ್ಟೆ ನಡೆಯುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಟೀಮ್ ಬೇಕಾ?

ಟೂರ್ ಮಾಡಿದ್ದು ಬ್ಯಾಂಕಾಕಿನ ಚೈನಾಟೌನ್‌ನಲ್ಲಿ, ಯಾವೊರಾತ್ ರಸ್ತೆಯಲ್ಲಿ. ವಾಟ್ ಮಂಗ್ಕೋನ್ ಮೆಟ್ರೋ ಸ್ಟೇಷನ್ನಿಂದ ನಡೆದೇ ಹೋಗಬಹುದು. ಕತ್ತಲಾದ ಮೇಲೆಯೇ ಆ ರಸ್ತೆಗೆ ಜೀವ ಬರುವುದು. ಕಾಳುಮೆಣಸಿನ ಖಾರದ ಹಂದಿ ಸಾರಲ್ಲಿ ಸುರುಳಿ ಸುತ್ತಿದ ಅಕ್ಕಿ ನೂಡಲ್ಸ್, ಸಿಂಪಿ ಹಾಕಿದ ಆಮ್ಲೆಟ್, ಕೆಂಡದ ಮೇಲೆ ಸುಟ್ಟ ಸಿಗಡಿ, ಹುರಿದ ಚೆಸ್ಟ್‌ನಟ್, ದಾಳಿಂಬೆ ಜ್ಯೂಸು. ಭಾವನ ಬಾಯಿಗೆ ಬಿಡುವೇ ಇರಲಿಲ್ಲ. ಗೈಡ್ ಇರುವುದರಿಂದ ದೊಡ್ಡ ಲಾಭ ಒಂದಿದೆ. ಯಾವ ಗಾಡಿಯಲ್ಲಿ ಏನು ತಿನ್ನಬೇಕು, ಎಷ್ಟು ತಿಂದು ಮುಂದಿನದಕ್ಕೆ ಹೊಟ್ಟೆ ಉಳಿಸಿಕೊಳ್ಳಬೇಕು ಎಂದು ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಥಾಯ್ ಅಕ್ಷರದ ಮೆನು ನೋಡಿ ಕಣ್ಣು ಕಣ್ಣು ಬಿಡುವುದೂ ತಪ್ಪುತ್ತದೆ.

ಆದರೆ ಅಕ್ಕನ ಪಾಡು? ಬುಕ್ ಮಾಡುವಾಗ ‘ವೆಜ್ ಇದೆ, ಚಿಂತೆ ಬೇಡ’ ಅಂದಿದ್ದರು. ಅಲ್ಲಿ ಹೋದರೆ ಒಂದು ಕಡೆ ಹಣ್ಣು, ಇನ್ನೊಂದು ಕಡೆ ಜ್ಯೂಸು, ಮತ್ತೊಂದು ಕಡೆ ‘ಇಲ್ಲಿ ಸುಮ್ನೆ ಕೂತಿರಿ’. ಗೈಡ್ ಹುಡುಗಿಯನ್ನು ಬೈಯ್ಯುವ ಹಾಗೂ ಇಲ್ಲ. ಗಾಡಿಯವರು ವರ್ಷಗಟ್ಟಲೆ ಮಾಡುತ್ತ ಬಂದದ್ದು ಒಂದೋ ಎರಡೋ ತಿನಿಸು, ಅದರಲ್ಲಿ ಮೀನಿನ ಸಾಸ್ ಆಗಲೇ ಬೆರೆತಿರುತ್ತದೆ, ಒಬ್ಬರಿಗಾಗಿ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ‘ಜೇ’ ಅಂಗಡಿಗಳನ್ನು ಹುಡುಕಿಕೊಂಡು ಹೋಗುವುದೇ ವಾಸಿ. ಅಲ್ಲಿ ಮೀನಿನ ಸಾಸ್ ಅಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ 9 ದಿನ ಸಸ್ಯಾಹಾರದ ಹಬ್ಬ ನಡೆಯುತ್ತದೆ, ಆಗ ಯಾವೊರಾತ್ ತುಂಬ ಇದೇ ಬಾವುಟ. ಅಕ್ಕನಂಥವರು ಟೂರ್ ಮಾಡುವುದಾದರೆ ಆಗ ಮಾಡಬೇಕು.

ಕ್ಲಾಸು ಚಿಯಾಂಗ್ ಮಾಯ್‌ನಲ್ಲಿ. ಉತ್ತರ ಥಾಯ್ಲೆಂಡಿನ ಈ ಊರಲ್ಲಿ ಅಡುಗೆ ಕಲಿಸುವುದೇ ಒಂದು ದೊಡ್ಡ ಕಸುಬು, ಎಲ್ಲಿ ನೋಡಿದರೂ ಬೋರ್ಡು. ಹೋಟೆಲಿಗೇ ಗಾಡಿ ಬರುತ್ತದೆ, ಮೊದಲು ಮಾರ್ಕೆಟ್, ಆಮೇಲೆ ಅಡುಗೆಮನೆ. ಮಾರ್ಕೆಟ್ ಸುತ್ತಾಟವನ್ನು ಬೇಗ ಮುಗಿಸಿದರು, ಅದರಲ್ಲಿ ಹೇಳುವಂಥದ್ದೇನಿಲ್ಲ. ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಒಲೆ, ಒಂದೊಂದು ಬಾಣಲೆ. ಪಟ್ಟಿಯಲ್ಲಿ ಬೇಕಾದ್ದನ್ನು ನಾವೇ ಆರಿಸಿಕೊಳ್ಳುವುದು.

ಗ್ರೀನ್ ಕರಿಗೆ ಹಸಿಮೆಣಸಿನಕಾಯಿ, ನಿಂಬೆಹುಲ್ಲು, ಶುಂಠಿ ಜಾತಿಯ ಗಲಂಗಲ್ ಗಡ್ಡೆ, ಕೊತ್ತಂಬರಿ ಬೇರು, ಬೆಳ್ಳುಳ್ಳಿ ಎಲ್ಲ ಒರಳಿಗೆ ಹಾಕಿ ಕುಟ್ಟಬೇಕು. ಜೀರಿಗೆ, ಧನಿಯಾ ಕಂಡ ಕೂಡಲೇ ಅಕ್ಕನಿಗೆ ಧೈರ್ಯ ಬಂತು. ನಾವು ಕೊತ್ತಂಬರಿ ಬೇರು ಕಿತ್ತು ಬಿಸಾಕುತ್ತೇವೆ, ಅವರಿಗೆ ಅದೇ ಮುಖ್ಯ. ಒಣ ಸಿಗಡಿ ಪೇಸ್ಟ್ ಬದಲು ಉಪ್ಪು, ಮೀನಿನ ಸಾಸ್ ಬದಲು ಸೋಯಾ ಸಾಸ್, ಸಿಂಪಿ ಸಾಸ್ ಬದಲು ಅಣಬೆ ಸಾಸ್. ಬಾಣಲೆ ತನ್ನದೇ ಆದ್ದರಿಂದ ಅಕ್ಕ ಯಾರನ್ನೂ ನಂಬಬೇಕಾಗಿರಲಿಲ್ಲ. ತೆಂಗಿನ ಗಟ್ಟಿ ಹಾಲನ್ನು ಎಣ್ಣೆ ಬಿಡುವ ತನಕ ಕಾಯಿಸಿ ಅದರಲ್ಲಿ ಮಸಾಲೆ ಹುರಿದಾಗ ಬಂದ ವಾಸನೆಗೆ ಭಾವನೂ ತನ್ನ ಕೋಳಿ ಬಿಟ್ಟು ಈ ಕಡೆ ಬಂದರು.

ಪಪ್ಪಾಯಿ ಸಲಾಡ್ ಸರದಿ ಬಂದಾಗ ಭಾವ, ‘ನಾವು ವಗ್ಗಾಣಿ ಜೊತೆ ಮಿರ್ಚಿ ತಿನ್ನೋರು, ನಾಲ್ಕು ಹಾಕ್ರಿ’ ಅಂದರು. ಮಿರ್ಚಿಗೆ ನಾವು ಬಳಸುವುದು ಖಾರ ಕಡಿಮೆಯ ಉದ್ದ ಕಾಯಿ, ಅಲ್ಲಿನದು ಚೋಟುದ್ದದ ಕೆಂಡ. ಆಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಟಕ್ಕಿ. ನಾವು ಭತ್ತದ ಊರಿನವರು, ಸೋನಾ ಮಸೂರಿ ಅನ್ನ ಅಂಟಿಕೊಂಡರೆ ಮನೆಯಲ್ಲಿ ಮಾತು ಕೇಳಬೇಕು. ಅಲ್ಲಿ ಅಂಟಿಕೊಳ್ಳದಿದ್ದರೆ ಅದು ಅಡುಗೆಯೇ ಅಲ್ಲ. ಅನ್ನವನ್ನು ಉದುರು ಉದುರಾಗಿ ಇಡುವ ಅಮೈಲೋಸ್ ಅನ್ನುವ ಪಿಷ್ಟ ಆ ಅಕ್ಕಿಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ನೀರಲ್ಲಿ ಕುದಿಸುವುದಿಲ್ಲ, ಗಂಟೆಗಟ್ಟಲೆ ನೆನೆಸಿ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ನಾವು ರೊಟ್ಟಿ ಮುರಿದು ಪಲ್ಯ ಹಿಡಿಯುವ ಹಾಗೆ, ಆ ಭಾಗದವರು ಅನ್ನವನ್ನೇ ಕೈಯಲ್ಲಿ ಒತ್ತಿ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನುತ್ತಾರೆ. ಟೂರಿನಲ್ಲೂ ಮಾವಿನಹಣ್ಣಿನ ಜೊತೆ ಇದೇ ಅಕ್ಕಿ ತಿಂದಿದ್ದೆವು, ಚೆನ್ನಾಗಿದೆ ಅಂದು ಮುಂದೆ ಹೋಗಿದ್ದೆವು ಅಷ್ಟೇ.

ದುಡ್ಡಿನ ಮಾತು. ಅರ್ಧ ದಿನದ ಕ್ಲಾಸಿಗೆ 1000 ಬಾತ್ ಆಸುಪಾಸು, ಊರ ಹೊರಗಿನ ತೋಟದಲ್ಲಿ ಇಡೀ ದಿನದ್ದಾದರೆ ಇನ್ನೂ ಜಾಸ್ತಿ. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ. ಟೂರ್ ಇದಕ್ಕಿಂತ ದುಬಾರಿ ಬಿತ್ತು. ಭಾವನ ಹೊಟ್ಟೆಗೆ ಅದು ಲಾಭ, ಅಕ್ಕನ ಹೊಟ್ಟೆಗೆ ಪೂರ್ತಿ ನಷ್ಟ. ಮನೆಯಲ್ಲಿ ಒಬ್ಬರಾದರೂ ಸಸ್ಯಾಹಾರಿ ಇದ್ದರೆ ನಾನು ಕ್ಲಾಸಿಗೇ ಓಟು ಹಾಕುತ್ತೇನೆ. ಎಲ್ಲ ತಿನ್ನುವವರು, ಒಂದೇ ಸಂಜೆ ಇದೆ ಅನ್ನುವವರು ಟೂರ್ ಮಾಡಿ. ಸೋಮವಾರ ಮಾತ್ರ ಬೇಡ, ಯಾವೊರಾತ್‌ನಲ್ಲಿ ಅವತ್ತು ಬಹಳ ಗಾಡಿಗಳು ಇರುವುದಿಲ್ಲ. ಕ್ಲಾಸ್ ಬುಕ್ ಮಾಡುವ ಮುಂಚೆ ‘ಒಬ್ಬರಿಗೆ ಒಂದು ಒಲೆಯಾ, ಇಲ್ಲ ಟೀಚರ್ ಮಾಡುವುದನ್ನು ನೋಡುವುದಾ’ ಅಂತ ಕೇಳಿ. ನೋಡುವುದಷ್ಟೇ ಆದರೆ ದುಡ್ಡು ಕೊಡಬೇಡಿ, ಅದು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ.