ಉಗಿಬಂಡಿ ಸವಾರಿ: ಡಾರ್ಜಿಲಿಂಗಾ, ನೀಲಗಿರಿಯಾ?

ರೈಲು ಹುಚ್ಚರಲ್ಲೂ ಎರಡು ಪಂಗಡ. ಇಂಜಿನ್ ಹಳೆಯದೇ ಇರಬೇಕು, ಕಲ್ಲಿದ್ದಲೇ ಉರಿಯಬೇಕು ಅನ್ನುವವರು ಡಾರ್ಜಿಲಿಂಗ್‌ಗೆ ಹೋಗಲಿ. ಎರಡಡಿ ಅಗಲದ ಹಳಿ, 1889ರ ವಿನ್ಯಾಸದ ಪುಟ್ಟ ಇಂಜಿನ್. ಡಾರ್ಜಿಲಿಂಗ್‌ನಿಂದ ಹತ್ತಿರದ ಘೂಮ್ ನಿಲ್ದಾಣದವರೆಗೆ ಹೋಗಿ ಬರಲು ಸುಮಾರು ಎರಡು ಗಂಟೆ ಸಾಕು. 'ಇದು ಪ್ರವಾಸಿಗರ ಆಟಿಕೆ' ಎಂದು ಮೂಗು ಮುರಿಯುವವರೂ ಇದ್ದಾರೆ. ಬುಕ್ ಮಾಡುವಾಗ ಮಾತ್ರ ಎಚ್ಚರ, ಡೀಸೆಲ್ ಸವಾರಿಯೂ ಇದೆ.

ನೀಲಗಿರಿಯಲ್ಲಿ ಜಗಳ ಬೇರೆ. ಅಲ್ಲಿ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಕಟ್ಟಿದ ಹೊಸ ಉಗಿ ಇಂಜಿನ್‌ಗಳಿವೆ, ಎಣ್ಣೆ ಉರಿಸುವಂಥವೂ ಇವೆ. 'ಹೊಸದಕ್ಕೆ ಹಳೇ ವೇಷ' ಅಂತ ಕೆಲವರ ಗೊಣಗಾಟ. ನನಗಂತೂ ಅದು ಸುಮ್ನೆ ತಕರಾರು. 12 ಅಡಿ ಸಾಗಿದರೆ ಒಂದಡಿ ಏರುವ ದಾರಿ ಅದು. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚುತ್ತಾ ಇಂಜಿನ್ ಹಿಂದಿನಿಂದ ಇಡೀ ಗಾಡಿಯನ್ನು ತಳ್ಳುತ್ತದೆ. ಆ ಏದುಸಿರಿಗೆ ವಯಸ್ಸು ಯಾಕೆ ಬೇಕು, ಅಲ್ವಾ? ತೀರಾ ಮುಂದಿನ ಬೋಗಿಯಲ್ಲಿ ಕೂತರೆ ಕಣ್ಣಿಗೆ ಅಡ್ಡ ಇಂಜಿನ್ನೇ ಇರುವುದಿಲ್ಲ.

ಮೈಸೂರಿನಿಂದ ಹೋಗುವವರು ನೇರ ಊಟಿಗೆ ಹೋಗಿ ರೈಲು ಹತ್ತುತ್ತಾರೆ. ಊಟಿ–ಕೂನೂರು ನಡುವೆ ಸಾಮಾನ್ಯವಾಗಿ ಡೀಸೆಲ್ಲೇ. ಉಗಿ ಬೇಕಿದ್ದರೆ ಬೆಟ್ಟದ ಬುಡದಲ್ಲಿ ದಾರಿ ಶುರುವಾಗುವ ಮೆಟ್ಟುಪಾಳ್ಯಂನಲ್ಲೇ ಹತ್ತಿ.