8 ಎಚ್‌ಪಿ ಔಟ್‌ಬೋರ್ಡಿಗೆ ವಾಟರ್ ಪಂಪ್ ಕಿಟ್: ಬರೀ ಇಂಪೆಲ್ಲರ್ ಸಾಕಾಗಲ್ಲ

ನಮ್ಮ ನಾಡದೋಣಿಯ ಹಿಂಬದಿಗೆ ಕೂರಿಸಿರುವ ಔಟ್‌ಬೋರ್ಡ್ ಮೋಟಾರ್ ಯಮಹಾ 8 ಎಚ್‌ಪಿ, ಟೂ ಸ್ಟ್ರೋಕ್. ಇಂಜಿನ್ ತಣ್ಣಗಿಡಲು ನೀರೆಳೆಯುವ ಅದರ ವಾಟರ್ ಪಂಪಿನ ಕಿಟ್ ತರಿಸಿ ಮನೆಯ ಅಂಗಳದಲ್ಲೇ ಹಾಕಿದೆ. ಬರೀ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ) ತಗೊಳ್ಳೋದಾ, ಪೂರ್ತಿ ಕಿಟ್ಟಾ ಎಂದು ಲೆಕ್ಕ ಹಾಕುತ್ತಿರುವವರಿಗೆ ನನ್ನ ಉತ್ತರ: ಕಿಟ್ಟೇ ತಗೊಳ್ಳಿ. ರೇಟು ಜಾಸ್ತಿ, ನಿಜ.

ಗಂಗೊಳ್ಳಿ ಕಡೆಯವರಿಗೆ ಕಾರಣ ಬೇಗ ಗೊತ್ತಾಗುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸಮುದ್ರ ಸೇರುವುದು ಇಲ್ಲೇ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಹೋದರೆ ಮೋಟಾರ್ ನೀರಿನ ಜೊತೆ ಹೊಯ್ಗೆಯನ್ನೂ (ಮರಳು) ಎಳೆದುಕೊಳ್ಳುತ್ತದೆ. ಹೊಯ್ಗೆ ಇಂಪೆಲ್ಲರಿನ ರಬ್ಬರನ್ನಷ್ಟೇ ತಿನ್ನುವುದಿಲ್ಲ. ಇಂಪೆಲ್ಲರ್ ತಿರುಗುವ ಸ್ಟೀಲ್ ಬಟ್ಟಲು, ಅದರ ಅಡಿಯ ಪ್ಲೇಟು ಎರಡರಲ್ಲೂ ಗೀರು ಬೀಳುತ್ತದೆ. ಉಗುರಿನಿಂದ ಸವರಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಪ್ಲೇಟಿನ ಕತೆ ಮುಗೀತು. ಅದರ ಮೇಲೆ ಹೊಸ ಇಂಪೆಲ್ಲರ್ ಕೂರಿಸಿದರೂ ಗೀರಿನ ಸಂದಿಯಲ್ಲಿ ನೀರು ಹಿಂದಕ್ಕೆ ನುಸುಳುತ್ತದೆ, ಹೊಸ ರಬ್ಬರೂ ಬೇಗ ಸವೆಯುತ್ತದೆ. ಕಿಟ್ಟಿನಲ್ಲಿ ಇಂಪೆಲ್ಲರ್, ಬಟ್ಟಲು, ಪ್ಲೇಟು, ಕೀ (ಇಂಪೆಲ್ಲರನ್ನು ಅದನ್ನು ತಿರುಗಿಸುವ ಶಾಫ್ಟಿಗೆ ಹಿಡಿದಿಡುವ ಚಿಕ್ಕ ತುಂಡು), ಪ್ಯಾಕಿಂಗ್ (ನೀರು ಸೋರದಂತೆ ಸಂದಿಗೆ ಹಾಕುವ ಹಾಳೆ) ಎಲ್ಲಾ ಬಂತು. ಹಳೇ ಪ್ಯಾಕಿಂಗ್ ಬಿಚ್ಚುವಾಗ ಹರಿದೇ ಹೋಗುತ್ತದೆ, ಹಾಗಾಗಿ ಅದಂತೂ ಬೇಕೇ ಬೇಕು.

ಹಿಂದೆ ಒಂದು ಅಂಗಡಿಯಲ್ಲಿ ಒರಿಜಿನಲ್ ಎಂದು ಕೊಟ್ಟ ಬಿಡಿ ಇಂಪೆಲ್ಲರ್ ಒಂದೇ ಸೀಸನ್‌ನಲ್ಲಿ ಬುಡದಲ್ಲೇ ಬಿರುಕು ಬಿಟ್ಟಿತ್ತು. ಈ ಕಿಟ್ಟಿನದು ಹಾಗಲ್ಲ. ರೆಕ್ಕೆಯನ್ನು ಬೆರಳಲ್ಲಿ ಬಗ್ಗಿಸಿ ಬಿಟ್ಟರೆ ಥಟ್ಟನೆ ನೆಟ್ಟಗಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಹೀಗೆ ನೋಡಿಕೊಳ್ಳಿ.

ಕೆಲಸ ಕಷ್ಟವಲ್ಲ, ಬೋಲ್ಟ್ ಮಾತ್ರ ಕಷ್ಟ. ಉಪ್ಪುನೀರಿಗೆ ಹಿಡಿದ ಬೋಲ್ಟಿಗೆ ಜೋರು ಮಾಡಿದರೆ ತಲೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಗೇರ್ ರಾಡ್ ಬಿಚ್ಚುವ ಮೊದಲು ನಟ್ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಆಮೇಲೆ ಗೇರ್ ಸರಿಯಾಗಿ ಬೀಳುವುದಿಲ್ಲ. ಹಳೇ ಇಂಪೆಲ್ಲರಿನ ರೆಕ್ಕೆ ತುಂಡಾಗಿದ್ದರೆ ಆ ಚೂರನ್ನು ಹುಡುಕಿ ತೆಗೆಯಲೇಬೇಕು. ಅದು ಮೇಲೆ ನೀರಿನ ದಾರಿಯಲ್ಲಿ ಕೂತರೆ ಹೊಸ ಪಂಪ್ ಹಾಕಿಯೂ ಇಂಜಿನ್ ಕಾಯುತ್ತದೆ. ಹೊಸದನ್ನು ಕೂರಿಸುವಾಗ ರಬ್ಬರಿಗೆ ಸ್ವಲ್ಪ ಸೋಪು ನೀರು ಸವರಿ. ಶಾಫ್ಟನ್ನು ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸುತ್ತಾ ಹೌಸಿಂಗನ್ನು (ಪಂಪಿನ ಪ್ಲಾಸ್ಟಿಕ್ ಕವಚ) ಕೆಳಗೆ ಒತ್ತಿ. ರೆಕ್ಕೆಗಳು ತಾವಾಗಿ ಮಡಚಿಕೊಳ್ಳುತ್ತವೆ. ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ, ತುದಿಗೆ ಬೇಡ. ತುದಿಯಲ್ಲಿ ಗ್ರೀಸ್ ತುಂಬಿಕೊಂಡರೆ ಶಾಫ್ಟ್ ಪೂರ್ತಿ ಮೇಲೆ ಹೋಗಿ ಕೂರಲ್ಲ.

ನೀರಿಲ್ಲದೆ ಮಾತ್ರ ಸ್ಟಾರ್ಟ್ ಮಾಡಬೇಡಿ, ಸುಮ್ನೆ ಸೌಂಡ್ ಕೇಳೋಣ ಅಂತಲೂ ಬೇಡ. ಇಂಪೆಲ್ಲರಿಗೆ ನೀರೇ ಎಣ್ಣೆ. ನಾನು ಡ್ರಮ್ಮಿನಲ್ಲಿ ಪಂಪ್ ಮುಳುಗುವಷ್ಟು ನೀರು ತುಂಬಿಸಿ ಓಡಿಸಿದೆ. ಐಡ್ಲಿಂಗ್‌ನಲ್ಲೇ ಹಿಂದಿನ ತೂತಿನಿಂದ ನೀರು ಗಟ್ಟಿಯಾಗಿ ಚಿಮ್ಮಿತು. ಮೊದಲು ಥ್ರಾಟಲ್ ಕೊಟ್ಟರಷ್ಟೇ ಬರುತ್ತಿತ್ತು.

ಕಿಟ್ಟಿನ ಬಗ್ಗೆ ತಕರಾರೂ ಇದೆ. ಚಿತ್ರ ಬಿಟ್ಟರೆ ಒಂದು ಸಾಲಿನ ವಿವರಣೆ ಇಲ್ಲ. ಬೋಲ್ಟ್ ಕೊಡುವುದಿಲ್ಲ, ಸ್ಟೇನ್‌ಲೆಸ್ ಬೋಲ್ಟ್ ಬೇರೆ ತರಬೇಕು. ಪ್ಲಾಸ್ಟಿಕ್ ಹೌಸಿಂಗ್ ಕೂಡ ಇದರಲ್ಲಿ ಬರಲಿಲ್ಲ. ನಮ್ಮದು ಚೆನ್ನಾಗಿತ್ತು, ಹೌಸಿಂಗ್ ಕಾದು ಸೊಟ್ಟಗಾಗಿದ್ದರೆ ಅದೂ ಬೇರೆ ಖರ್ಚು.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ ಇದ್ದರೂ 10 ಎಚ್‌ಪಿವರೆಗಿನ ನಾಡದೋಣಿಗೆ ಇಲ್ಲವಲ್ಲ, ನಮ್ಮ ದುಡಿಮೆಯೇ ಆಗ. ಆ ಹೊತ್ತಿಗೆ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ. ಆರ್ಡರ್ ಮಾಡುವಾಗ ಬರೀ 8 ಎಚ್‌ಪಿ ಎಂದರೆ ಸಾಲದು. ಮೋಟಾರಿನ ಬ್ರಾಕೆಟ್ ಮೇಲಿನ ಪ್ಲೇಟಿನ ಫೋಟೋ ಕಳಿಸಿ. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂದು ಪಾರ್ಟ್ ನಂಬರ್ ಬದಲಾಗುತ್ತದೆ.